ಟ್ಯಾಂಕಿನ ಬಿಡಿಭಾಗ, ಬಾಹ್ಯಾಕಾಶದ ಹಡಗು

1977ರಲ್ಲಿ ಬಂದ ‘ಸ್ಟಾರ್ ವಾರ್ಸ್’ ಚಿತ್ರದ ಮೊದಲ ದೃಶ್ಯ ನಿಮಗೂ ನೆನಪಿರಬಹುದು. ಒಂದು ಚಿಕ್ಕ ನೌಕೆ ಜೀವ ಕೈಯಲ್ಲಿ ಹಿಡಿದುಕೊಂಡು ಓಡುತ್ತಿದೆ. ಅದರ ಬೆನ್ನಿಗೆ ಪರದೆಯ ಮೇಲಂಚಿನಿಂದ ಒಂದು ದೈತ್ಯ ನೌಕೆ ಬರುತ್ತದೆ. ಬರುತ್ತಲೇ ಇರುತ್ತದೆ. ಇನ್ನೇನು ಮುಗಿಯಿತು ಅಂದುಕೊಳ್ಳುವಾಗ ಇನ್ನೂ ಅಷ್ಟೇ ಉದ್ದ ಬಾಕಿ ಇರುತ್ತದೆ. ಥಿಯೇಟರಿನಲ್ಲಿ ಕೂತವರ ತಲೆಯ ಮೇಲೇ ಹಾದುಹೋದ ಹಾಗೆ.

ಚಿತ್ರೀಕರಣಕ್ಕೆ ಕಟ್ಟಿದ ಆ ದೈತ್ಯ ನೌಕೆಯ ಮಾದರಿ ಎಷ್ಟು ದೊಡ್ಡದಿತ್ತು ಗೊತ್ತಾ? ಮೂರಡಿ. ಸುಮಾರು 91 ಸೆಂಟಿಮೀಟರ್. ಅದು ಅಟ್ಟಿಸಿಕೊಂಡು ಬಂದ ‘ಚಿಕ್ಕ’ ನೌಕೆಯ ಮಾದರಿ ಆರಡಿ ಹತ್ತಿರ ಇತ್ತು! ನಾವು ನೋಡಿದ್ದು ಪೂರಾ ತಿರುಗುಮುರುಗು.

ಇದನ್ನು ಮೊದಲ ಸಲ ಓದಿದಾಗ ನಗು ಬಂತು. ಆಮೇಲೆ ನಿಧಾನಕ್ಕೆ ಒಂಥರಾ ಧೈರ್ಯ ಬಂತು. ಮೂರಡಿ ಜಾಗ ಅಂದರೆ ಹಾಲ್‌ನಲ್ಲಿರುವ ಟೀಪಾಯಿ. ಅಷ್ಟು ನನ್ನ ಹತ್ತಿರವೂ ಇದೆಯಲ್ಲ ಅನ್ನಿಸಿತು.

ಇವತ್ತಿನ ಕಂಪ್ಯೂಟರ್ ಗ್ರಾಫಿಕ್ಸ್ ನೋಡಿದರೆ ನನಗೆ ಬೆರಗಾಗುತ್ತದೆ. ಅದರ ಹಿಂದಿನ ಶ್ರಮದ ಬಗ್ಗೆ ಗೌರವವೂ ಇದೆ. ಆದರೆ ಹಳೆಯ ಮಾದರಿಗಳನ್ನು ನೋಡಿದರೆ ಬೆರಗಿಗಿಂತ ಮೊದಲು ಕೈ ತುರಿಸುತ್ತದೆ. ನಾನೂ ಒಂದು ಮಾಡಿ ನೋಡೋಣ ಅನ್ನಿಸುತ್ತದೆ. ನನ್ನಂಥ ಹವ್ಯಾಸಿಗಳು ಲೋಕದ ತುಂಬಾ ಇದ್ದಾರೆ, ಅವರದ್ದೂ ಇದೇ ಮಾತು. ಯಾಕೆ ಹೀಗೆ ಅಂತ ಯೋಚಿಸಿದಾಗಲೆಲ್ಲ ನನಗೆ ಸಿಗುವ ಉತ್ತರ ಒಂದೇ. ಆ ನೌಕೆಗಳನ್ನು ಕಟ್ಟಲು ಬೇಕಾದ ಸಾಮಾನು ಬಂದದ್ದೇ ಹವ್ಯಾಸಿಗಳ ಅಂಗಡಿಯಿಂದ. ನಮ್ಮದೇ ಸಾಮಾನು ಪರದೆಗೆ ಹೋಗಿ, ಅಲ್ಲಿಂದ ಮತ್ತೆ ನಮ್ಮ ಮೇಜಿಗೆ ವಾಪಸ್ ಬಂದಿದೆ.

‘ಸ್ಟಾರ್ ವಾರ್ಸ್’ ನಿರ್ದೇಶಕ ಜಾರ್ಜ್ ಲ್ಯೂಕಸ್ ಚಿತ್ರದ ವಿಶೇಷ ದೃಶ್ಯಗಳಿಗಾಗಿ 1975ರಲ್ಲಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ ಶುರು ಮಾಡಿದರು. ಹೆಸರು ಕೇಳಿದರೆ ದೊಡ್ಡ ಕಾರ್ಖಾನೆ ಅನ್ನಿಸಬೇಕು. ಇದ್ದದ್ದು ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಲ್ಲಿ ಒಂದು ಗೋದಾಮು. ಎ.ಸಿ. ಇಲ್ಲ. ಬೇಸಿಗೆಯ ಸೆಕೆ, ಅದರ ಮೇಲೆ ಸ್ಟುಡಿಯೋ ದೀಪಗಳ ಕಾವು. ಆಗಿನ ಫೋಟೋಗಳಲ್ಲಿ ಗಡ್ಡ ಬಿಟ್ಟ, ಚಡ್ಡಿ ಹಾಕಿದ ಹುಡುಗರು ಮೇಜಿನ ಮೇಲೆ ಬಗ್ಗಿ ಕೂತು ಪ್ಲಾಸ್ಟಿಕ್ ಚೂರು ಅಂಟಿಸುತ್ತಿರುವುದು ಕಾಣುತ್ತದೆ. ಮೇಜಿನ ಸುತ್ತ ರಾಶಿ ರಾಶಿ ಮಾಡೆಲ್ ಕಿಟ್ ಡಬ್ಬಿಗಳು, ಪ್ಲಾಸ್ಟಿಕ್ ಚೂರುಗಳನ್ನು ಅಂಟಿಸಿ ಮಾದರಿ ಕಟ್ಟುವಂಥವು. ಟಮಿಯಾ, ಏರ್‌ಫಿಕ್ಸ್, ರೆವೆಲ್, ಹಸೆಗಾವಾ ಕಂಪನಿಗಳದ್ದು. ಮಕ್ಕಳು ಹುಟ್ಟುಹಬ್ಬಕ್ಕೆ ಕೊಡಿಸಿಕೊಳ್ಳುವ ಟ್ಯಾಂಕು, ಯುದ್ಧನೌಕೆ, ರೇಸ್ ಕಾರುಗಳ ಕಿಟ್‌ಗಳು.

ಅವರು ಆ ಟ್ಯಾಂಕನ್ನು ಟ್ಯಾಂಕಾಗಿ ಕಟ್ಟಲಿಲ್ಲ. ಡಬ್ಬಿ ಒಡೆದು ಬೇಕಾದ ಚೂರು ಕಿತ್ತುಕೊಂಡರು. ಚಕ್ರದ ಪಕ್ಕದ ಒಂದು ಆಸರೆ, ಎಂಜಿನ್ನಿನ ಮುಚ್ಚಳ, ಗನ್ನಿನ ಬುಡ. ಅವನ್ನು ನೌಕೆಯ ಮೈಮೇಲೆ ತಲೆಕೆಳಗಾಗಿ, ಓರೆಯಾಗಿ, ಒಂದರ ಪಕ್ಕ ಒಂದು ಅಂಟಿಸುತ್ತಾ ಹೋದರು. ಇದಕ್ಕೆ ಕಿಟ್‌ಬ್ಯಾಶಿಂಗ್ ಅನ್ನುತ್ತಾರೆ. ಹೀಗೆ ಮೈತುಂಬಾ ಅಂಟಿಸುವ ಚೂರುಗಳಿಗೆ ನಮ್ಮ ಮಂದಿಯಲ್ಲಿ ಗ್ರೀಬಲ್ ಅಂತ ಹೆಸರು. ವೈ-ವಿಂಗ್ ನೌಕೆಯ ಎಂಜಿನ್ನಿನ ಮುಂದಿರುವ ಗುಮ್ಮಟಕ್ಕೆ ಹೆಂಗಸರ ಕಾಲುಚೀಲ ಇಟ್ಟು ಮಾರುತ್ತಿದ್ದ ಮೊಟ್ಟೆಯಾಕಾರದ ಪ್ಲಾಸ್ಟಿಕ್ ಡಬ್ಬಿ ಬಳಸಿದ್ದರು ಅನ್ನುವುದು ಈ ಲೋಕದಲ್ಲಿ ಎಲ್ಲರಿಗೂ ಬಾಯಿಪಾಠ.

ಟ್ಯಾಂಕಿನ ಚೂರು ನೌಕೆಯ ಮೇಲೆ ಯಾಕೆ ಒಪ್ಪುತ್ತದೆ? ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಕಿಟ್‌ನ ಪ್ರತಿಯೊಂದು ಚೂರೂ ಎಲ್ಲೋ ಒಬ್ಬ ಎಂಜಿನಿಯರ್ ನಿಜವಾಗಿ ಯೋಚಿಸಿ ಮಾಡಿದ ವಸ್ತುವಿನ ನಕಲು. ಆ ಬೋಲ್ಟ್ ಅಲ್ಲಿರುವುದಕ್ಕೆ ಕಾರಣ ಇದೆ. ಆ ಪಟ್ಟಿ ದಪ್ಪ ಇರುವುದಕ್ಕೆ ಕಾರಣ ಇದೆ. ಆ ಜಾಲರಿಯ ಹಿಂದೆ ಬಿಸಿ ಗಾಳಿ ಹೊರಗೆ ಹೋಗಬೇಕಿತ್ತು. ನಮಗೆ ಆ ಕಾರಣ ಗೊತ್ತಿರಬೇಕಾಗಿಲ್ಲ. ಕಣ್ಣು ಮಾತ್ರ ಅದನ್ನು ಹಿಡಿದುಬಿಡುತ್ತದೆ. ಸುಮ್ನೆ ಮನಸ್ಸಿಗೆ ಬಂದ ಹಾಗೆ ಚೌಕ, ದುಂಡು ಅಂಟಿಸಿ ನೋಡಿ, ಅದು ಅಲಂಕಾರದ ಹಾಗೆ ಕಾಣುತ್ತದೆ. ಯಂತ್ರದ ಹಾಗೆ ಕಾಣುವುದಿಲ್ಲ.

ಇನ್ನೊಂದು ಗುಟ್ಟೂ ಇದೆ. ಖಾಲಿ ಬಿಡಬೇಕು. ಹೊಸದಾಗಿ ಶುರು ಮಾಡುವವರು ಒಂದಿಂಚೂ ಬಿಡದೆ ಗ್ರೀಬಲ್ ತುಂಬುತ್ತಾರೆ. ಆಗ ಕಣ್ಣಿಗೆ ನಿಲ್ಲಲು ಜಾಗವೇ ಇರುವುದಿಲ್ಲ. ಸ್ಟಾರ್ ವಾರ್ಸ್‌ನ ನಾಯಕರು ಓಡಾಡುವ ಮಿಲೇನಿಯಂ ಫಾಲ್ಕನ್ ನೌಕೆಯ ಚಿತ್ರ ಎದುರಿಗಿಟ್ಟುಕೊಂಡು ನೋಡಿ. ದೊಡ್ಡ ದೊಡ್ಡ ನುಣುಪು ಹಲಗೆಗಳು. ಅವುಗಳ ನಡುವಿನ ತಗ್ಗುಗಳಲ್ಲಿ, ಅಂಚಿನಲ್ಲಿ ಮಾತ್ರ ಚೂರುಗಳ ಜಾತ್ರೆ. ಆ ನುಣುಪು ಇರುವುದರಿಂದಲೇ ಪಕ್ಕದ ಚೂರು ಸಣ್ಣದಾಗಿ ಕಾಣುತ್ತದೆ, ನೌಕೆ ದೊಡ್ಡದಾಗಿ ಕಾಣುತ್ತದೆ.

ಈ ಫಾಲ್ಕನ್ ಕೂಡ ಮೊದಲು ಹಾಗಿರಲಿಲ್ಲ. ಉದ್ದನೆಯ ಬೇರೆ ಆಕಾರದ ಮಾದರಿಯನ್ನು ಆಗಲೇ ಕಟ್ಟಿಯಾಗಿತ್ತು. ಅಷ್ಟರಲ್ಲಿ ಬ್ರಿಟನ್ನಿನ ‘ಸ್ಪೇಸ್: 1999’ ಧಾರಾವಾಹಿಯ ಈಗಲ್ ನೌಕೆ ಟಿವಿಯಲ್ಲಿ ಬಂತು. ಎರಡೂ ಒಂದೇ ಥರ ಕಾಣುತ್ತವೆ ಅಂತ ಲ್ಯೂಕಸ್ ಹೊಸ ಫಾಲ್ಕನ್ ಮಾಡಿಸಿದರು. ಹಳೆಯದನ್ನು ಎಸೆಯಲಿಲ್ಲ. ಮೊದಲ ದೃಶ್ಯದಲ್ಲಿ ಓಡಿಹೋಗುವ ಆ ‘ಚಿಕ್ಕ’ ನೌಕೆ ಅದೇ. ಅದು ಅಷ್ಟು ದೊಡ್ಡ ಮಾದರಿಯಾಗಿದ್ದಕ್ಕೆ ಕಾರಣವೂ ಇದೇ. ನಾಯಕನ ನೌಕೆ ಅಂತ ಕಟ್ಟಿದ್ದರು ಪಾಪ.

ಈಗಲ್ ಹುಟ್ಟಿದ ಮನೆಯ ಕಥೆ ಇನ್ನೂ ಹಳೆಯದು. 1960ರ ದಶಕದಲ್ಲಿ ಲಂಡನ್ ಪಕ್ಕದ ಸ್ಲೌನಲ್ಲಿ ಜೆರ್ರಿ ಆಂಡರ್ಸನ್ ಅವರ ತಂಡ ಬೊಂಬೆಗಳನ್ನಿಟ್ಟು ‘ಥಂಡರ್‌ಬರ್ಡ್ಸ್’ ಧಾರಾವಾಹಿ ಮಾಡುತ್ತಿತ್ತು. ವಿಶೇಷ ದೃಶ್ಯಗಳ ಹೊಣೆ ಡೆರೆಕ್ ಮೆಡ್ಡಿಂಗ್ಸ್ ಅವರದ್ದು. ವಾರ ವಾರ ಹೊಸ ಯಂತ್ರ, ಹೊಸ ಕಟ್ಟಡ, ಹೊಸ ಸ್ಫೋಟ ಬೇಕು. ದುಡ್ಡೂ ಕಡಿಮೆ, ಸಮಯವೂ ಕಡಿಮೆ. ಅವರು ಏರ್‌ಫಿಕ್ಸ್ ಕಿಟ್ ಒಡೆದರು, ಆಟಿಕೆ ರೈಲಿನ ಸಾಮಾನು ಒಡೆದರು. ಥಂಡರ್‌ಬರ್ಡ್ 1 ರಾಕೆಟ್ ನಿಲ್ಲುವ ಕೋಣೆಯ ಗೋಡೆಯಲ್ಲಿ ಒಂದು ದೊಡ್ಡ ಯಂತ್ರ ಕಾಣುತ್ತದಲ್ಲ, ಅದು ನಿಂಬೆಹಣ್ಣು ಹಿಂಡುವ ಪ್ಲಾಸ್ಟಿಕ್ ಸಾಧನ. ಅಡುಗೆಮನೆಯಲ್ಲಿ ಇರುತ್ತದಲ್ಲ, ಅದೇ. ಈ ಮೆಡ್ಡಿಂಗ್ಸ್ ಮುಂದೆ 1978ರ ‘ಸೂಪರ್‌ಮ್ಯಾನ್’ ಚಿತ್ರಕ್ಕೆ ದುಡಿದು ಆಸ್ಕರ್ ಗೌರವ ಪಡೆದರು. ಅವರ ಕೈಕೆಳಗೆ ಪಳಗಿದ ಬ್ರಯಾನ್ ಜಾನ್ಸನ್ ಈಗಲ್ ನೌಕೆಯ ರೂಪ ಕೊಟ್ಟರು. ‘ಏಲಿಯನ್’ ಚಿತ್ರಕ್ಕೂ, ಎರಡನೇ ಸ್ಟಾರ್ ವಾರ್ಸ್ ಚಿತ್ರಕ್ಕೂ ಅವರು ಕೆಲಸ ಮಾಡಿದರು. ನಿಂಬೆಹಣ್ಣಿನ ಹಿಂಡುಕದಿಂದ ಆಸ್ಕರ್‌ವರೆಗೆ ಇಷ್ಟೇ ದೂರ.

ಇವರ ನಡುವೆ 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಬಂತು. ಅಲ್ಲಿ ಡಿಸ್ಕವರಿ ನೌಕೆಯ ದೊಡ್ಡ ಮಾದರಿ 54 ಅಡಿ ಉದ್ದ! ಅದನ್ನು ನೆನೆದರೆ ನನಗೆ ಧೈರ್ಯ ಬರುವುದಿಲ್ಲ, ತಲೆ ಸುತ್ತುತ್ತದೆ. ಆದರೂ ಅದರ ಮೈಮೇಲಿನ ಸಣ್ಣ ಕೆಲಸದಲ್ಲೂ ಅಂಗಡಿಯ ಕಿಟ್‌ಗಳ ಚೂರುಗಳೇ ಇದ್ದವು.

ಮಾದರಿ ಕಟ್ಟಿದರೆ ಅರ್ಧ ಕೆಲಸ ಮುಗಿಯಿತು ಅಷ್ಟೆ. ಉಳಿದರ್ಧ ಕ್ಯಾಮೆರಾದ್ದು. ಸಣ್ಣ ವಸ್ತುವನ್ನು ಹತ್ತಿರದಿಂದ ಹಿಡಿದರೆ ಮುಂದಿನ ಭಾಗ ಮಾತ್ರ ಸ್ಪಷ್ಟ, ಹಿಂದಿನದ್ದು ಮಸುಕು. ಮಸುಕು ಕಂಡ ಕೂಡಲೇ ಇದು ಆಟಿಕೆ ಅಂತ ಮಿದುಳು ಹೇಳಿಬಿಡುತ್ತದೆ. ನಿಮ್ಮ ಮೊಬೈಲಿನಲ್ಲೇ ನೋಡಬಹುದು. ಬೆಟ್ಟವನ್ನು ಹಿಡಿದರೆ ಎಲ್ಲ ಸ್ಪಷ್ಟ, ಇರುವೆಯನ್ನು ಹಿಡಿದರೆ ಹಿನ್ನೆಲೆ ಮಾಯ. ಅದಕ್ಕೇ ಅವರು ಲೆನ್ಸಿನ ಕಿಂಡಿಯನ್ನು ಆದಷ್ಟು ಕಿರಿದು ಮಾಡುತ್ತಿದ್ದರು. ಕಿಂಡಿ ಕಿರಿದಾದರೆ ಬೆಳಕು ಸಾಲದು. ಒಂದೊಂದು ಫ್ರೇಮನ್ನೂ ಸೆಕೆಂಡುಗಟ್ಟಲೆ ತೆರೆದಿಡಬೇಕು. ‘2001’ ಚಿತ್ರದ ನೌಕೆಗಳು ಆ ಗಂಭೀರ ನಿಧಾನದಲ್ಲಿ ತೇಲುತ್ತವಲ್ಲ, ಸೆಟ್ಟಿನಲ್ಲಿ ಅವು ಅದಕ್ಕಿಂತಲೂ ಎಷ್ಟೋ ಪಟ್ಟು ನಿಧಾನ. ನಿಂತು ನೋಡಿದವರಿಗೆ ಅಲುಗಾಡಿದ್ದೇ ತಿಳಿಯುತ್ತಿರಲಿಲ್ಲ.

ವ್ಯಾನ್ ನೈಸ್‌ನಲ್ಲಿ ಸ್ಟಾರ್ ವಾರ್ಸ್‌ನ ವಿಶೇಷ ದೃಶ್ಯಗಳ ಹೊಣೆ ಹೊತ್ತಿದ್ದ ಜಾನ್ ಡೈಕ್‌ಸ್ಟ್ರಾ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನೌಕೆಯನ್ನು ಕಂಬದ ಮೇಲೆ ನಿಲ್ಲಿಸಿ, ಕ್ಯಾಮೆರಾವನ್ನು ಹಳಿಯ ಮೇಲೆ ಓಡಿಸಿದರು. ಮೋಟಾರುಗಳಿಗೆ ಎಲೆಕ್ಟ್ರಾನಿಕ್ ನಿಯಂತ್ರಣ ಜೋಡಿಸಿದ್ದರಿಂದ ಕ್ಯಾಮೆರಾ ಅದೇ ಚಲನೆಯನ್ನು ಕೂದಲೆಳೆಯಷ್ಟೂ ತಪ್ಪದೆ ಎಷ್ಟು ಸಲ ಬೇಕಾದರೂ ಮಾಡುತ್ತಿತ್ತು. ಒಮ್ಮೆ ನೌಕೆಯ ಮೈಗೆ, ಒಮ್ಮೆ ಎಂಜಿನ್ನಿನ ಬೆಳಕಿಗೆ, ಹೀಗೆ ಬೇರೆ ಬೇರೆಯಾಗಿ ಹಿಡಿದು ಆಮೇಲೆ ಸೇರಿಸುವುದು. ಡೈಕ್‌ಸ್ಟ್ರಾಫ್ಲೆಕ್ಸ್ ಅಂತಲೇ ಅದಕ್ಕೆ ಹೆಸರಾಯಿತು. ಇಷ್ಟೆಲ್ಲ ಜಾಣತನ ಒಂದು ಕಡೆ. ಇನ್ನೊಂದು ಕಡೆ ಡೆತ್ ಸ್ಟಾರ್ ಅನ್ನುವ, ಖಳರ ದೈತ್ಯ ಬಾಹ್ಯಾಕಾಶ ನೆಲೆಯ ಮೇಲ್ಮೈ. ಕೆಲವೇ ಅಚ್ಚುಗಳಿಂದ ಹಲಗೆ ಎರಕ ಹೊಯ್ದು, ಅವನ್ನೇ ತಿರುಗಿಸಿ ತಿರುಗಿಸಿ ಜೋಡಿಸಿ, ಗೋದಾಮಿನ ಹೊರಗೆ ವಾಹನ ನಿಲ್ಲಿಸುವ ಬಯಲಿನಲ್ಲಿ ಹರಡಿ, ಬಿಸಿಲಿನಲ್ಲಿ ಪಟಾಕಿ ಹಾರಿಸಿದರು. ಈ ಎರಡನೆಯದು ನನಗೆ ಜಾಸ್ತಿ ಇಷ್ಟ.

ಈಗ ಸ್ವಲ್ಪ ಹಿಂದೆ ಹೋಗಿ ಅಮೆರಿಕದ ಟಿವಿ ಧಾರಾವಾಹಿ ‘ಸ್ಟಾರ್ ಟ್ರೆಕ್’ ಕಡೆಗೆ ಬರೋಣ. ಸಾಮಾನು ಎರಡೂ ಕಡೆಯಿಂದ ಓಡಾಡಿದೆ ಅಂದೆನಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಆ ಧಾರಾವಾಹಿಯ ಮುಖ್ಯ ನೌಕೆ ಎಂಟರ್‌ಪ್ರೈಸ್. 1964ರಲ್ಲಿ ಕಟ್ಟಿದ ಅದರ ದೊಡ್ಡ ಮಾದರಿ 11 ಅಡಿ. ಮರ, ಪ್ಲಾಸ್ಟಿಕ್, ಲೋಹದ ಕೊಳವೆ ಎಲ್ಲ ಸೇರಿದ ಭಾರೀ ವಸ್ತು. ಒಳಗೆ ದೀಪ ಹಾಕಿದಾಗ ವೈರುಗಳು ಹೊರಬರಲು ಜಾಗ ಬೇಕಾಯಿತು. ಎಡಭಾಗದಿಂದ ತೆಗೆದರು. ಅಲ್ಲಿಗೆ ಎಡಭಾಗ ಹೋಯಿತು! ಆಮೇಲೆ ಚಿತ್ರೀಕರಣ ಎಲ್ಲ ಬಲಭಾಗದಿಂದಲೇ. 1974ರಲ್ಲಿ ಅದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಗೆ ಸೇರಿತು. 2016ರಲ್ಲಿ ದುರಸ್ತಿ ಮುಗಿಸಿ ವಾಷಿಂಗ್ಟನ್ನಿನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿ ಇಟ್ಟರು. ಎಡಭಾಗ ಹಾಗೇ ಇದೆ.

ಧಾರಾವಾಹಿ ಶುರುವಾದ ಹೊಸತರಲ್ಲೇ ಎಎಂಟಿ ಕಂಪನಿ ಎಂಟರ್‌ಪ್ರೈಸ್‌ನ ಪ್ಲಾಸ್ಟಿಕ್ ಕಿಟ್ ಮಾರುಕಟ್ಟೆಗೆ ತಂದಿತು. ಮಕ್ಕಳು ಮುಗಿಬಿದ್ದು ಕೊಂಡರು. 1967ರಲ್ಲಿ ಒಂದು ಕಂತಿಗೆ ಅದೇ ಜಾತಿಯ ಇನ್ನೊಂದು ನೌಕೆ ಬೇಕಾಯಿತು, ಅದೂ ಏಟು ತಿಂದು ಸುಟ್ಟುಹೋದದ್ದು. 11 ಅಡಿಯ ಇನ್ನೊಂದು ಮಾದರಿ ಕಟ್ಟಲು ದುಡ್ಡೆಲ್ಲಿದೆ? ಅವರು ಎಎಂಟಿ ಕಿಟ್ ತಂದರು. ಅದನ್ನು ಕಟ್ಟಿ, ಸುಟ್ಟು, ಹರಿದು ಪರದೆಗೆ ತಂದರು. ನೌಕೆಯ ನಂಬರು? ಡಬ್ಬಿಯಲ್ಲಿದ್ದ ಸ್ಟಿಕ್ಕರ್ 1701. ಅದೇ ಅಂಕೆಗಳನ್ನು ಹಿಂದೆ ಮುಂದೆ ಮಾಡಿ 1017 ಅಂತ ಅಂಟಿಸಿದರು. ಆ ನೌಕೆಯ ಹೆಸರು ಕಾನ್‌ಸ್ಟೆಲೇಶನ್.

ಮನೆಯಲ್ಲಿ ಅದೇ ಕಿಟ್ ಇಟ್ಟುಕೊಂಡಿದ್ದ ಹುಡುಗ ಅವತ್ತು ಟಿವಿ ಮುಂದೆ ಕೂತಿದ್ದರೆ ಏನನ್ನಿಸಿರಬಹುದು? ಅವನಿಗೆ ಗೊತ್ತಾಗಿಯೇ ಇರುತ್ತದೆ. ಅಂಟು ಹಾಕಿದ ಗೆರೆ ಎಲ್ಲಿ ಬರುತ್ತದೆ ಅಂತ ಗೊತ್ತಿದ್ದವನಿಗೆ ಅದು ಗೊತ್ತಾಗದೆ ಇರುವುದಿಲ್ಲ. ಕೆಲವರು ಇದನ್ನು ಅಗ್ಗದ ಕೆಲಸ ಅಂತ ಗೇಲಿ ಮಾಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರೇಕ್ಷಕನ ಮೇಜಿನ ಮೇಲಿದ್ದದ್ದು, ಸ್ಟುಡಿಯೋದಲ್ಲಿದ್ದದ್ದು ಅವತ್ತು ಒಂದೇ ಆಗಿತ್ತು.

ಇಲ್ಲಿಂದ ಮುಂದೆ ಹವ್ಯಾಸಿಗಳು ಪತ್ತೇದಾರರಾದರು. ಸ್ಟುಡಿಯೋದಲ್ಲಿ ಚೂರು ಅಂಟಿಸಿದವರು ಪಟ್ಟಿ ಇಟ್ಟಿರಲಿಲ್ಲ. ಅವರಿಗೆ ಅದು ದಿನದ ಕೆಲಸ. ಆದರೆ ಅಭಿಮಾನಿಗಳಿಗೆ ಅದು ಬೇಕು. ಫಾಲ್ಕನ್‌ನ ಈ ಮೂಲೆಯಲ್ಲಿರುವ ಪಟ್ಟಿ ಯಾವ ಕಂಪನಿಯ ಯಾವ ಕಿಟ್‌ನದ್ದು? ಜರ್ಮನ್ ರೈಲು ಫಿರಂಗಿಯದ್ದಾ, ಟ್ಯಾಂಕಿನದ್ದಾ? ಮ್ಯೂಸಿಯಂನಲ್ಲಿ ತೆಗೆದ ಫೋಟೋ, ಪತ್ರಿಕೆಯಲ್ಲಿ ಬಂದ ಫೋಟೋ, ಹಳೆಯ ಕಿಟ್‌ಗಳ ಜೋಡಣೆಯ ಹಾಳೆ ಎಲ್ಲವನ್ನೂ ಪಕ್ಕಪಕ್ಕ ಇಟ್ಟುಕೊಂಡು ವರ್ಷಗಟ್ಟಲೆ ಹುಡುಕುತ್ತಾರೆ. ಒಂದು ಚೂರು ಸಿಕ್ಕರೆ ಹಬ್ಬ. ಸ್ಟುಡಿಯೋದಲ್ಲಿದ್ದ ಅಳತೆಯಲ್ಲೇ, ಸ್ಟುಡಿಯೋ ಬಳಸಿದ ಕಿಟ್‌ನ ಚೂರನ್ನೇ ಹುಡುಕಿ ಅದೇ ಜಾಗದಲ್ಲಿ ಅಂಟಿಸುವುದು ಇವರ ವ್ರತ. ಇದಕ್ಕೆ ಸ್ಟುಡಿಯೋ ಸ್ಕೇಲ್ ಅನ್ನುತ್ತಾರೆ. ಯಾರೂ ಕೇಳದಿದ್ದ ಹಳೆಯ ಟ್ಯಾಂಕ್ ಕಿಟ್‌ಗೆ, ಅದರಲ್ಲಿರುವ ಬೆರಳುಗುರಿನಷ್ಟು ಒಂದು ಚೂರಿಗೋಸ್ಕರ ವಿಪರೀತ ಬೆಲೆ ಬರುತ್ತದೆ.

ಇದರ ತಮಾಷೆಯ ಪರಿಣಾಮಗಳೂ ಇವೆ. ಸ್ಟಾರ್ ವಾರ್ಸ್‌ನ ನಾಯಕ ಲ್ಯೂಕ್ ಸ್ಕೈವಾಕರ್ ಹಿಡಿದ ಬೆಳಕಿನ ಕತ್ತಿಯ ಹಿಡಿ ನಿಜಕ್ಕೂ ಗ್ರಾಫ್ಲೆಕ್ಸ್ ಅನ್ನುವ ಹಳೆಯ ಪ್ರೆಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಅಭಿಮಾನಿಗಳು ಹುಡುಕಿ ಹುಡುಕಿ ಕೊಳ್ಳಲು ಹೊರಟ ಮೇಲೆ ಅದರ ಬೆಲೆ ಆಕಾಶಕ್ಕೇರಿತು. ಹಳೆಯ ಕ್ಯಾಮೆರಾ ಕೂಡಿಡುವವರಿಗೆ ಹೊಟ್ಟೆ ಉರಿಯದೆ ಇರುತ್ತದಾ?

ಈ ಪತ್ತೇದಾರಿಕೆ ಸುಮ್ನೆ ಹುಚ್ಚು ಅಂತ ನಾನು ತಳ್ಳಿಹಾಕುವುದಿಲ್ಲ. ಸ್ಟುಡಿಯೋಗಳು ತಮ್ಮ ಮಾದರಿಗಳನ್ನು ಕಾಪಾಡಲಿಲ್ಲ. ಚಿತ್ರ ಮುಗಿದ ಮೇಲೆ ಒಡೆದರು, ಎಸೆದರು, ಇನ್ನೊಂದು ಚಿತ್ರಕ್ಕೆ ಬಿಚ್ಚಿಕೊಂಡರು. ‘2001’ ಚಿತ್ರದ ಬಹುಪಾಲು ಮಾದರಿಗಳು ಉಳಿದಿಲ್ಲ. ಚಂದ್ರನ ಮೇಲಿಳಿಯುವ ಚೆಂಡಿನಾಕಾರದ ಏರೀಸ್ ನೌಕೆ ಹೇಗೋ ಉಳಿದು, 2015ರಲ್ಲಿ ಹರಾಜಿಗೆ ಬಂತು. ಆಸ್ಕರ್ ಕೊಡುವ ಅಕಾಡೆಮಿಯೇ ಅದನ್ನು 3,44,000 ಡಾಲರ್‌ಗೆ ಕೊಂಡಿತು. 2022ರಲ್ಲಿ ತೀರಿಕೊಂಡ ಗ್ರೆಗ್ ಜೀನ್ ಅವರ ಕಥೆ ಇನ್ನೂ ಚೆಂದ. ಅವರು ‘ಕ್ಲೋಸ್ ಎನ್‌ಕೌಂಟರ್ಸ್’ ಚಿತ್ರದ ತಾಯಿನೌಕೆ ಕಟ್ಟಿದವರು. ಆ ನೌಕೆಯ ಮೈಮೇಲೆ ಒಂದು ಅಂಚೆಪೆಟ್ಟಿಗೆ, ಒಂದು ಫೋಕ್ಸ್‌ವ್ಯಾಗನ್ ವ್ಯಾನು, ಸ್ಟಾರ್ ವಾರ್ಸ್‌ನ ಆರ್2-ಡಿ2 ರೋಬಾಟು ಎಲ್ಲ ಅಂಟಿಸಿದ್ದಾರೆ. ಪರದೆಯ ಮೇಲೆ ಯಾರಿಗೂ ಕಾಣಬಾರದು, ತಮಗೆ ಮಾತ್ರ ಗೊತ್ತಿರಬೇಕು. ಈಗ ಅದೂ ಸ್ಮಿತ್‌ಸೋನಿಯನ್‌ನಲ್ಲಿದೆ. ಜೀನ್ ಸ್ವತಃ ದೊಡ್ಡ ಸಂಗ್ರಾಹಕರು. ಅವರು ಹೋದ ಮೇಲೆ ಗ್ಯಾರೇಜಿನಲ್ಲಿದ್ದ ಒಂದು ಡಬ್ಬಿ ತೆರೆದರೆ, ಪ್ಯಾಕಿಂಗಿಗೆ ಹಾಕುವ ಥರ್ಮಾಕೋಲ್ ಚೂರುಗಳ ನಡುವೆ ಮೊದಲ ಸ್ಟಾರ್ ವಾರ್ಸ್‌ನ ಎಕ್ಸ್-ವಿಂಗ್ ನೌಕೆಯ ಒಂದು ಮಾದರಿ ಮಲಗಿತ್ತು. 2023ರಲ್ಲಿ ಅದು 31 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯಿತು. ಟ್ಯಾಂಕಿನ ಚೂರು, ಅಂಟು, ಬಣ್ಣ!

ಮೇಜಿನಿಂದ ಪರದೆಗೆ ಹೋದವರೂ ಇದ್ದಾರೆ. ಬಿಲ್ ಜಾರ್ಜ್ ಅಂತ ಒಬ್ಬ ಹುಡುಗ. ‘ಬ್ಲೇಡ್ ರನ್ನರ್’ ಚಿತ್ರದ ಮಾದರಿ ತಂಡದಲ್ಲಿದ್ದ. ತನ್ನ ಖುಷಿಗೆ ಒಂದು ದೊಡ್ಡ ಮಿಲೇನಿಯಂ ಫಾಲ್ಕನ್ ಕಟ್ಟಿಕೊಳ್ಳುತ್ತಿದ್ದ. ಚಿತ್ರದ ನಗರಕ್ಕೆ ಕಟ್ಟಡಗಳು ಸಾಲಲಿಲ್ಲ. ಆ ಫಾಲ್ಕನ್ನನ್ನೇ ನೆಟ್ಟಗೆ ನಿಲ್ಲಿಸಿ ಕಟ್ಟಡ ಮಾಡಿದರು. 1982ರ ಆ ಚಿತ್ರದ ಮಳೆ, ಹೊಗೆ, ಕತ್ತಲಿನ ನಡುವೆ ಅದು ಇವತ್ತಿಗೂ ನಿಂತಿದೆ. ಬಿಲ್ ಜಾರ್ಜ್ ಮುಂದೆ ಲ್ಯೂಕಸ್ ಕಂಪನಿ ಸೇರಿದರು, ಸ್ಟಾರ್ ಟ್ರೆಕ್‌ಗೆ ಎಕ್ಸೆಲ್ಸಿಯರ್ ನೌಕೆಯ ರೂಪ ಕೊಟ್ಟರು, ಆಸ್ಕರ್ ಕೂಡ ಪಡೆದರು.

ಜಾನ್ ನೋಲ್ ಕೂಡ ಇಂಥವರೇ. ಹುಡುಗನಾಗಿದ್ದಾಗ ಲ್ಯೂಕಸ್ ಕಂಪನಿಯ ಮಾದರಿ ಕಟ್ಟುವ ಜಾಗವನ್ನು ನೋಡಲು ಹೋಗಿ ಮರುಳಾದವರು. ಅಲ್ಲೇ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಅಣ್ಣ ಥಾಮಸ್ ಜೊತೆ ಸೇರಿ ಒಂದು ಚಿಕ್ಕ ಸಾಫ್ಟ್‌ವೇರ್ ಮಾಡಿದರು. ಅದರ ಹೆಸರು ಫೋಟೋಶಾಪ್! ಡಿಜಿಟಲ್ ಚಿತ್ರದ ಕಾಲವನ್ನೇ ತಂದ ಮನುಷ್ಯ. 2019ರ ‘ದ ಮ್ಯಾಂಡಲೋರಿಯನ್’ ಸರಣಿಯಲ್ಲಿ ರೇಜರ್ ಕ್ರೆಸ್ಟ್ ನೌಕೆಗೆ ನಿಜವಾದ ಮಾದರಿ ಬೇಕು ಅಂತಾದಾಗ ಜಾನ್ ಗುಡ್‌ಸನ್ ಅದನ್ನು ಕಟ್ಟಿದರು. ಅದನ್ನು ಹಿಡಿಯಲು ಬೇಕಾದ ಕ್ಯಾಮೆರಾ ಹಳಿ, ಮೋಟಾರು ವ್ಯವಸ್ಥೆಯನ್ನು ಇದೇ ನೋಲ್ ತಮ್ಮ ಮನೆಯ ಗ್ಯಾರೇಜಿನಲ್ಲಿ ಸ್ವತಃ ಮಾಡಿಕೊಂಡು ಬಂದರು. ಅಷ್ಟು ದೊಡ್ಡ ಕಂಪನಿಯಲ್ಲಿ ಅಷ್ಟು ದೊಡ್ಡ ಹುದ್ದೆಯಲ್ಲಿದ್ದವರು. ಯಾರೂ ಅವರನ್ನು ಲೇತ್ ಮುಂದೆ ನಿಲ್ಲಿ ಅಂತ ಹೇಳಿರಲಿಕ್ಕಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಮಾದರಿ ಒಳ್ಳೆಯದು, ಕಂಪ್ಯೂಟರ್ ಕೆಟ್ಟದ್ದು ಅನ್ನುವ ಗುಂಪಿಗೆ ನನ್ನನ್ನು ಸೇರಿಸಬೇಡಿ. ಹಳೆಯ ಚಿತ್ರಗಳಲ್ಲಿ ದಾರ ಕಾಣುವ ರಾಕೆಟ್ಟುಗಳು, ಬಾತ್‌ಟಬ್ಬಿನಲ್ಲಿ ತೇಲುವ ಹಾಗೆ ಕಾಣುವ ಹಡಗುಗಳು ಬೇಕಾದಷ್ಟಿವೆ. ಅವನ್ನು ಯಾರೂ ನೆನೆಯುವುದಿಲ್ಲ. ನೆನಪಲ್ಲಿ ಉಳಿದದ್ದು ಒಳ್ಳೆಯವು ಮಾತ್ರ. ಜೊತೆಗೆ ಬೆಂಗಳೂರಿನಲ್ಲೇ ಎಷ್ಟೋ ಹುಡುಗ ಹುಡುಗಿಯರು ಹಾಲಿವುಡ್ ಚಿತ್ರಗಳಿಗೆ ರಾತ್ರಿ ಹಗಲು ಗ್ರಾಫಿಕ್ಸ್ ಕೆಲಸ ಮಾಡಿದ್ದಾರೆ. ಕಂಪ್ಯೂಟರ್ ತಾನಾಗಿ ಮಾಡಿತು ಅಂದುಬಿಟ್ಟರೆ ಅವರ ದುಡಿಮೆಗೆ ಅವಮಾನ. ಎರಡೂ ಬೆರೆತೇ ಇರುತ್ತವೆ ಕೂಡ. 1999ರ ಸ್ಟಾರ್ ವಾರ್ಸ್ ಚಿತ್ರವನ್ನು ಕಂಪ್ಯೂಟರ್ ಚಿತ್ರ ಅಂತ ಬೈಯುವವರಿಗೆ, ಅದರ ರೇಸ್ ಮೈದಾನದಲ್ಲಿ ಕೂತ ಜನಸಾಗರ ಸುಮಾರು 4.5 ಲಕ್ಷ ಬಣ್ಣ ಬಳಿದ ಕಿವಿ ಕಡ್ಡಿಗಳು ಅಂತ ಹೇಳಿದರೆ ನಂಬುವುದಿಲ್ಲ. ‘ಇಂಟರ್‌ಸ್ಟೆಲ್ಲರ್’ ಚಿತ್ರದ ಎಂಡ್ಯೂರೆನ್ಸ್ ನೌಕೆಗೆ 25 ಅಡಿ ಹತ್ತಿರದ ಮಾದರಿ ಇತ್ತು. 2009ರ ‘ಮೂನ್’ ಸುಮಾರು 50 ಲಕ್ಷ ಡಾಲರ್‌ನಲ್ಲಿ ಮುಗಿದ ಚಿತ್ರ. ಚಂದ್ರನ ಮೇಲಿನ ಅದರ ಗಾಡಿಗಳೆಲ್ಲ ಮಾದರಿಗಳು.

ನಾನು ಹೇಳುತ್ತಿರುವುದು ಇಷ್ಟೇ. ಗ್ರಾಫಿಕ್ಸ್ ದೃಶ್ಯ ಹೇಗೆ ಆಯಿತು ಅಂತ ಕೇಳಿದರೆ ಸಿಗುವ ಉತ್ತರದಿಂದ ನಾನು ನಾಳೆ ಬೆಳಿಗ್ಗೆ ಏನೂ ಮಾಡಲಾರೆ. ನಿಂಬೆ ಹಿಂಡುವ ಸಾಧನ ಅಂತ ಉತ್ತರ ಸಿಕ್ಕರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ನಮ್ಮಲ್ಲಿ ಕಿಟ್ ಒಡೆಯುವುದು ಸುಲಭದ ಮಾತಲ್ಲ. ಹೊರಗಿನಿಂದ ಬರುವ ಒಂದು ಟ್ಯಾಂಕ್ ಕಿಟ್‌ಗೆ ಸಾವಿರಗಟ್ಟಲೆ ಕೊಟ್ಟು, ಅದರಲ್ಲಿ ನಾಲ್ಕು ಚೂರು ಕಿತ್ತು ಉಳಿದದ್ದನ್ನು ಪಕ್ಕಕ್ಕಿಡಲು ಮನಸ್ಸು ಬರುವುದಿಲ್ಲ. ಹಾಗಾಗಿ ನನ್ನ ಗ್ರೀಬಲ್ ಡಬ್ಬಿ ಬೇರೆ ಥರ. ಕೆಟ್ಟ ಪ್ರಿಂಟರ್ ಬಿಚ್ಚಿದರೆ ಹಲ್ಲಿನ ಚಕ್ರಗಳ ನಿಧಿ. ಹಳೆಯ ಮೌಸ್, ಚಾರ್ಜರ್, ಶೇವಿಂಗ್ ರೇಜರಿನ ತಲೆ, ಪೆನ್ನಿನ ಮುಚ್ಚಳ, ಮಾತ್ರೆಯ ಖಾಲಿ ಸ್ಟ್ರಿಪ್. ಮಾತ್ರೆಯ ಸ್ಟ್ರಿಪ್ಪಿನ ಗುಳ್ಳೆಗಳು ಒಂದೇ ಅಳತೆಯಲ್ಲಿ ಸಾಲಾಗಿರುವುದರಿಂದ ಇಂಧನದ ಟ್ಯಾಂಕುಗಳಾಗಿ ಚೆನ್ನಾಗಿ ಒಪ್ಪುತ್ತವೆ. ನೌಕೆಯ ಮೈಗೆ ಸನ್‌ಬೋರ್ಡ್. ಜಾಹೀರಾತು ಬೋರ್ಡ್ ಮಾಡುವವರ ಹತ್ತಿರ ಕತ್ತರಿಸಿ ಉಳಿದ ತುಂಡುಗಳು ಪುಕ್ಕಟೆ ಸಿಕ್ಕರೂ ಸಿಗಬಹುದು. ದೀಪಕ್ಕೆ ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಮೂರು ಮಿಲಿಮೀಟರಿನ ಎಲ್‌ಇಡಿ ಕೇಳಿದರೆ ಅಂಗಡಿಯವರು ಒಂದೇ ಪ್ರಶ್ನೆ ಕೇಳುತ್ತಾರೆ, ‘ಮಗನ ಸ್ಕೂಲ್ ಪ್ರಾಜೆಕ್ಟಾ ಸಾರ್?’ ಹೌದು ಅಂದುಬಿಡುತ್ತೇನೆ. ಬಾಹ್ಯಾಕಾಶ ನೌಕೆ ಅಂದರೆ ಮಾತು ಉದ್ದವಾಗುತ್ತದೆ.

ಒಂದು ಎಚ್ಚರಿಕೆ. ಥರ್ಮಾಕೋಲ್ ಮೇಲೆ ಸ್ಪ್ರೇ ಪೇಂಟ್ ನೇರವಾಗಿ ಹೊಡೆಯಬೇಡಿ, ಕಣ್ಣೆದುರೇ ಕರಗಿ ಹೋಗುತ್ತದೆ. ಮೊದಲು ಫೆವಿಕಾಲ್ ಬಳಿದು ಒಣಗಿಸಿ. ಇಡೀ ಮೈಗೆ ಒಂದೇ ಬಣ್ಣದ ಪ್ರೈಮರ್ ಬಿದ್ದ ಕ್ಷಣಕ್ಕಾಗಿ ನಾನು ಉಳಿದ ಕೆಲಸವೆಲ್ಲ ಮಾಡುತ್ತೇನೆ. ಅಲ್ಲಿಯವರೆಗೆ ಅದು ಕಸ. ಪೆನ್ನಿನ ಮುಚ್ಚಳ ನೀಲಿ, ಚಕ್ರ ಬಿಳಿ, ರೇಜರ್ ಕಿತ್ತಳೆ. ಬೂದು ಬಣ್ಣ ಬಿದ್ದ ಮೇಲೆ ಎಲ್ಲವೂ ಒಂದೇ ಕಾರ್ಖಾನೆಯಿಂದ ಬಂದ ಹಾಗೆ ಕಾಣುತ್ತದೆ.

ತ್ರೀಡಿ ಪ್ರಿಂಟರ್ ಬಂದ ಮೇಲೆ ಈ ಆಟ ಬದಲಾಗಿದೆ. ಪತ್ತೆ ಹಚ್ಚಿದ ಹಳೆಯ ಕಿಟ್‌ನ ಚೂರನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಫೈಲು ಹಂಚುತ್ತಾರೆ. ಸಾವಿರಾರು ಮೈಲಿ ದೂರದವರು ಮನೆಯಲ್ಲೇ ಅಚ್ಚು ತೆಗೆಯುತ್ತಾರೆ. ಕೆಲವು ಹಳಬರಿಗೆ ಇದು ಮೋಸ ಅನ್ನಿಸುತ್ತದೆ. ಈ ಜಗಳದಲ್ಲಿ ನಾನು ಪ್ರಿಂಟರ್ ಕಡೆ. ನಮ್ಮ ದೇಶದಲ್ಲಿ ಕೂತು ಐವತ್ತು ವರ್ಷ ಹಳೆಯ ಜಪಾನೀ ಕಿಟ್ ಹುಡುಕುವುದು ಸಾಧ್ಯವೇ ಇಲ್ಲದವರಿಗೆ ಬೇರೆ ದಾರಿ ಏನಿದೆ? ಉಜ್ಜುವುದು, ಬಣ್ಣ ಹಚ್ಚುವುದು, ಕೊಳೆ ಹತ್ತಿದ ಹಾಗೆ ಮಾಡುವುದು ಹೇಗೂ ಕೈಯಿಂದಲೇ ಆಗಬೇಕು.

ಕೊನೆಗೆ, ಕಟ್ಟಿದ್ದನ್ನು ಶೋಕೇಸಿನಲ್ಲಿಡದೆ ಕ್ಯಾಮೆರಾದಲ್ಲಿ ಹಿಡಿದು ನೋಡಬೇಕು ಅನ್ನುವವರಿಗೆ ಒಂದು ಲೆಕ್ಕ. ಸಣ್ಣ ಮಾದರಿಯ ಎತ್ತರ ಕಡಿಮೆ, ಅದರ ಮೇಲಿನಿಂದ ಬಿದ್ದದ್ದು ಬೇಗ ನೆಲ ಮುಟ್ಟುತ್ತದೆ. ಅದಕ್ಕೇ ಮಾದರಿ ಕಟ್ಟಡ ಕುಸಿದರೆ ಬೆಂಕಿಪೊಟ್ಟಣ ಬಿದ್ದ ಹಾಗೆ ಕಾಣುತ್ತದೆ. ಸೆಕೆಂಡಿಗೆ ಹೆಚ್ಚು ಫ್ರೇಮ್‌ಗಳನ್ನು ಹಿಡಿದು, ಆಮೇಲೆ ನಿಧಾನಕ್ಕೆ ತೋರಿಸಿದರೆ ತೂಕ ಬರುತ್ತದೆ. ಎಷ್ಟು ಪಟ್ಟು ಹೆಚ್ಚು? ಅಳತೆ ಎಷ್ಟು ಪಟ್ಟು ಕಡಿಮೆಯೋ ಅದರ ವರ್ಗಮೂಲದಷ್ಟು. 16ರಲ್ಲಿ ಒಂದು ಅಳತೆಯ ಮಾದರಿಗೆ 4 ಪಟ್ಟು. 100ರಲ್ಲಿ ಒಂದಕ್ಕೆ 10 ಪಟ್ಟು. ಸಿನಿಮಾ ಓಡುವುದು ಸೆಕೆಂಡಿಗೆ 24 ಫ್ರೇಮ್‌ನಲ್ಲಿ. ಹತ್ತು ಪಟ್ಟು ಅಂದರೆ 240. ನಿಮ್ಮ ಮೊಬೈಲಿನ ಸ್ಲೋ ಮೋಷನ್ ಎಷ್ಟಿದೆ ನೋಡಿ. ಸುಮಾರು ಫೋನುಗಳಲ್ಲಿ ಸರಿಯಾಗಿ 240 ಇರುತ್ತದೆ!

ಅಂದರೆ ಮೂರಂತಸ್ತಿನ ಮನೆಯನ್ನು 10 ಸೆಂಟಿಮೀಟರ್ ಎತ್ತರಕ್ಕೆ ಕಟ್ಟಿ, 240ರಲ್ಲಿ ಹಿಡಿದು, 24ರಲ್ಲಿ ಓಡಿಸಿದರೆ ಅದರ ಮೇಲಿನಿಂದ ಬಿದ್ದ ಚೂರು ನೆಲ ಮುಟ್ಟಲು ನಿಜವಾದ ಮನೆಯಿಂದ ಬಿದ್ದಷ್ಟೇ ಹೊತ್ತು, ಸುಮಾರು 1.4 ಸೆಕೆಂಡ್, ತೆಗೆದುಕೊಳ್ಳುತ್ತದೆ. ನೀರು, ಬೆಂಕಿ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ನೀರಿನ ಹನಿಯನ್ನು ಸಣ್ಣದು ಮಾಡಲು ಆಗುವುದಿಲ್ಲವಲ್ಲ. ಧೂಳಿಗೆ ಮುಖಕ್ಕೆ ಹಚ್ಚುವ ಪೌಡರ್ ಸಾಕು, ಮನೆಯವರನ್ನು ಕೇಳಿ ತಗೊಳ್ಳಿ. ಚಿತ್ರೀಕರಣ ಬಿಸಿಲಿನಲ್ಲೇ ಮಾಡಿ. ಮನೆಯ ಬಲ್ಬಿನ ಬೆಳಕಿನಲ್ಲಿ 240ರಲ್ಲಿ ಹಿಡಿದರೆ ಎಷ್ಟೋ ಸಲ ಚಿತ್ರ ಪೂರ್ತಿ ಮಿಣಮಿಣ ಅನ್ನುತ್ತದೆ. ತಾರಸಿಯಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ನೆರಳು ಉದ್ದ ಇರುವಾಗ ಚೆನ್ನಾಗಿ ಬರುತ್ತದೆ.